ನಾವು ಊರಿಗೆ ಹೋಗಿದ್ದ ಬೇಸಿಗೆ

ಆ ಬೇಸಿಗೆಯಲ್ಲಿ ನಾನೂ ನನ್ನ ತಮ್ಮ ಸಂತ್ಯಾನೂ ಊರಿಗೆ ಹೋಗಿದ್ದೆವು. ಮಾಕಳಿಯ ನಮ್ಮ ಸಾಲುಮನೆಗಳಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು: ಮಕ್ಕಳು ಕೊಪ್ಪಳದ ಕಡೆ, ಆಯಿ ಮನೆಗೆ, ಸೂಟಿಗೆ ಹೋಗಿದ್ದಾವೆ. ಅತ್ತ ಊರಿನಲ್ಲಿ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು ಕೇಳಿದ್ದರೆ, ಇಲ್ಲ, ಈ ಸಲ ಅವರವ್ವನ ತವರಿಗೆ ಹೋಗಿದ್ದಾವೆ ಎಂದು ಮುಖ ತಿರುಗಿಸುತ್ತಿದ್ದಳು. ನಾವಿದ್ದದ್ದು ಎರಡೂ ಕಡೆಯಲ್ಲ. ಮಾಕಳಿಯಲ್ಲೇ, ನಮ್ಮ ಮನೆಯಲ್ಲೇ ಇದ್ದೆವು. ಹೊರಗಿನಿಂದ ಬೀಗ ಜಡಿದ ಒಂದೇ ಕೋಣೆಯಲ್ಲಿ, ಸಿಮೆಂಟ್ ಶೀಟಿನ ಕೆಳಗೆ, ಉಸಿರನ್ನೂ ಮೆಲ್ಲಗೆ ಬಿಡುತ್ತ. ನನಗೆ ಆಗ ಹತ್ತು ವರ್ಷ, ಅವನಿಗೆ ನಾಲ್ಕು. ಈಗ ಚಿಕ್ಕಬಾಣಾವರದಲ್ಲಿ ನಮ್ಮದೇ ಒಂದು ಫ್ಲಾಟಿದೆ, ಮೂರು ಕಡೆ ಕಿಟಕಿಯಿದೆ. ಆದರೂ ನನ್ನ ಗಂಡ ಬೆಳಿಗ್ಗೆ ಹಾಲು ತರಲು ಹೋಗುವಾಗ ಮರೆತು ಹೊರಗಿನ ಚಿಲಕ ಹಾಕಿಕೊಂಡು ಹೋದರೆ ಮುಗಿಯಿತು, ಅವರು ವಾಪಸು ಬರುವಷ್ಟರಲ್ಲಿ ನಾನು ರಣಚಂಡಿ. ‘ಐದು ನಿಮಿಷ ಕಣೇ, ಮಲಗಿದ್ಯಲ್ಲ ಅಂತ ಹಾಕ್ದೆ’ ಅನ್ನುತ್ತಾರೆ ಪಾಪ. ಅದು ಐದು ನಿಮಿಷದ ಮಾತಲ್ಲ ಎಂದು ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ.

ಮನೆ ಎಂದರೆ ದೊಡ್ಡ ಮಾತು. ತುಮಕೂರು ರಸ್ತೆಯಿಂದ ಒಳಗೆ, ಫ್ಯಾಕ್ಟರಿಗಳ ಕಾಂಪೌಂಡು ಮುಗಿಯುವಲ್ಲಿ, ಪುಟ್ಟತಾಯಮ್ಮ ಎಂಬ ಅಜ್ಜಿಯ ಮನೆಯಿತ್ತು. ಆ ಊರಿನ ಹಳೇ ಕುಟುಂಬ. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಅವಳ ಮಗ ಸಾಲಾಗಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿದ್ದ. ಎಲ್ಲವೂ ಒಂದೇ ಅಚ್ಚು: ಮುಂದೊಂದು ತಗಡಿನ ಬಾಗಿಲು, ಹಿಂದೊಂದು ಸಣ್ಣ ಕಿಟಕಿ, ಮೂಲೆಯಲ್ಲಿ ಬಚ್ಚಲು, ಒಲೆಯಿಡಲು ಒಂದು ಕಡಪ ಕಲ್ಲು. ಕೋಣೆ ಕೋಣೆಗಳ ನಡುವಿನ ಗೋಡೆ ಮೇಲಿನ ಶೀಟಿಗೆ ಮುಟ್ಟುತ್ತಿರಲಿಲ್ಲ. ಒಂದು ಮೊಳದಷ್ಟು ಸಂದು ಹಾಗೇ ಬಿಟ್ಟಿದ್ದರು. ಆ ಸಂದಿಯಿಂದ ಪಕ್ಕದ ಮನೆಯ ಒಗ್ಗರಣೆ ನಮ್ಮ ಮನೆಗೆ ಬರುತ್ತಿತ್ತು, ನಮ್ಮ ಮನೆಯ ಜಗಳ ಅವರ ಮನೆಗೆ ಹೋಗುತ್ತಿತ್ತು. ಪಕ್ಕದಲ್ಲಿದ್ದವಳು ಬಸಕ್ಕ, ನಮ್ಮ ಊರಿನ ಪಕ್ಕದ ಊರಿನವಳೇ. ಅವ್ವನ ಜೊತೆ ಒಂದೇ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಷೀನಿಗೆ ಹೋಗುತ್ತಿದ್ದಳು. ಇಲ್ಲಿ ಸೀನಿದರೆ ಅಲ್ಲಿ ಕೊಪ್ಪಳದಲ್ಲಿ ‘ಶತಾಯುಷಿ’ ಅನ್ನುವ ಹಾಗೆ ಸುದ್ದಿ ಮುಟ್ಟಿಸುತ್ತಾಳೆ ಎಂದು ಅವ್ವ ಅವಳನ್ನು ಬೈಯುತ್ತಿದ್ದಳು, ಆಮೇಲೆ ಅವಳ ಜೊತೆಯೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಎಲ್ಲಕ್ಕೂ ಮೂಲ ಯುಗಾದಿಗೆ ಊರಿಗೆ ಹೋದಾಗ ಆದ ಜಗಳ. ಬೇವು ಬೆಲ್ಲ ತಿಂದ ಬಾಯಿ ಇನ್ನೂ ಒಣಗಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಆಯಿ ಶುರು ಮಾಡಿದಳು.

‘ಹುಡುಗರನ್ನ ಇಲ್ಲೇ ಬಿಟ್ಟು ಹೋಗ್ರಿ. ಇಲ್ಲೇನ್ ಸಾಲಿ ಇಲ್ಲೇನು? ಮುಂಜಾನೆ ಹೋಗಿ ಸಂಜಿಗೆ ಬರಾಕಿ ಮಕ್ಕಳನ್ನ ಏನ್ ಜ್ವಾಪಾನ ಮಾಡ್ತಾಳ?’

‘ನನ್ನ ಮಕ್ಕಳು ನನ್ನ ಕೂಡನ ಇರ್ತಾವ’ ಎಂದಳು ಅವ್ವ, ಹೋಳಿಗೆ ಲಟ್ಟಿಸುವುದನ್ನು ನಿಲ್ಲಿಸದೆ.

‘ಇರ್ಲಿ, ಇರ್ಲಿ. ಸೂಟ್ಯಾಗ ಎಲ್ಲಿ ಇಡ್ತಿ ನೋಡ್ತೀನಿ. ಹುಡುಗರು ಬೀದ್ಯಾಗ ತಿರಗಾಕತ್ತಾವಂತ ಒಬ್ಬರ ಬಂದು ಹೇಳ್ಲಿ, ಅವತ್ತ ಬಂದು ಕರಕೊಂಡು ಬರ್ತೀನಿ. ಮತ್ತ ಕಳಸಂಗಿಲ್ಲ.’

ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಒಳ್ಳೆಯವನು, ಪೀಣ್ಯದ ಫೌಂಡ್ರಿಯಲ್ಲಿ ಬೆಂಕಿಯ ಮುಂದೆ ನಿಂತು ದುಡಿಯುವವನು, ಆದರೆ ತನ್ನ ತಾಯಿಯ ಮುಂದೆ ಮಾತ್ರ ಅವನ ನಾಲಿಗೆ ಬಿದ್ದುಹೋಗುತ್ತಿತ್ತು. ಅವನು ಹೋಳಿಗೆಗೆ ತುಪ್ಪ ಹಾಕಿಕೊಳ್ಳುವುದರಲ್ಲಿ ಮುಳುಗಿದ್ದ. ಆಯಿ ಬಂದು ಕರೆದೊಯ್ದರೆ ಇವನು ‘ಆತು ಬಿಡು’ ಅನ್ನುತ್ತಾನೆ ಎಂಬುದು ಅವ್ವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವತ್ತಿನಿಂದ ನನಗೆ ಅವ್ವನ ಸೆರಗು ಬಿಟ್ಟರೆ ಜೀವ ಹೋಗುತ್ತಿತ್ತು.

ಶಾಲೆ ಮುಚ್ಚಿತು. ನಮ್ಮ ಸಾಲಿನ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಊರಿಗೆ ಹೊರಟವು. ಪ್ರತಿ ಬೇಸಿಗೆಯ ಪದ್ಧತಿ ಅದು: ರೈಲಿಗೋ ಬಸ್ಸಿಗೋ ಯಾರಾದರೂ ಊರಿನವರ ಜೊತೆ ಮಕ್ಕಳನ್ನು ಹತ್ತಿಸಿಬಿಟ್ಟರೆ ಜೂನ್‌ವರೆಗೆ ತಂದೆತಾಯಿ ನಿರಾಳ. ನಮ್ಮನ್ನು ಆಯಿಯ ಬಳಿ ಕಳಿಸಿದರೆ ವಾಪಸು ಬರುವ ಖಾತ್ರಿಯಿಲ್ಲ. ತವರಲ್ಲಿ ಅವ್ವನಿಗೆ ಯಾರೂ ಉಳಿದಿರಲಿಲ್ಲ, ಅದು ಆಯಿಗೆ ಹೇಳಲು ಒಂದು ಹೆಸರು ಅಷ್ಟೇ. ಇಲ್ಲೇ ಬೀದಿಯಲ್ಲಿ ಬಿಟ್ಟು ಹೋದರೆ ಬಸಕ್ಕ ಫೋನು ಮಾಡುತ್ತಾಳೆ. ಅವ್ವ ಯೋಚನೆ ಮಾಡಿ ಮಾಡಿ ಇದನ್ನು ಕಂಡುಹಿಡಿದಳು, ಅಪ್ಪ ಇದಕ್ಕೂ ‘ಆತು ಬಿಡು’ ಎಂದ. ಒಂದು ಸಂಜೆ ನಮಗೆ ಹೊಸ ಬಟ್ಟೆ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಎರಡು ಚೀಲ ತುಂಬಿ ಎಲ್ಲರ ಮುಂದೆ ಹೊರಡಿಸಿದಳು. ಪುಟ್ಟತಾಯಮ್ಮಜ್ಜಿ ಸಂತ್ಯಾನ ಕೈಗೆ ಬಾಳೆಹಣ್ಣು ಕೊಟ್ಟು ‘ಉಷಾರಾಗೋಗಿ ಬನ್ನಿ ಮಕ್ಳಾ’ ಎಂದಳು. ನಾವು ನೆಲಮಂಗಲದ ಬಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿ ಪೂರಿ ತಿಂದು, ಸಾಲಿನ ದೀಪವೆಲ್ಲ ಆರಿದ ಮೇಲೆ ಕಳ್ಳರ ಹಾಗೆ ನಮ್ಮ ಮನೆಗೇ ವಾಪಸು ಬಂದೆವು. ನನಗೆ ಅವತ್ತು ಅದೊಂದು ಆಟವಾಗಿ ಕಂಡಿತ್ತು, ನಗು ತಡೆಯಲಾರದೆ ಅವ್ವನ ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಆಟ ಮುಗಿಯಿತು. ಬೆಳಕು ಹರಿಯುವ ಮೊದಲೇ ಅವ್ವ ನಮ್ಮನ್ನು ಸಾಲಿನ ಕೊನೆಯ ಪಾಯಖಾನೆಗೆ ಕರೆದೊಯ್ದು ತಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಪಾತ್ರೆ ಮಜ್ಜಿಗೆ, ಕೊಡ ತುಂಬ ನೀರು. ಆಮೇಲೆ ನನ್ನನ್ನು ಮುಂದೆ ಕೂರಿಸಿಕೊಂಡು ಗಲ್ಲ ಹಿಡಿದು ಕಿವಿಯ ಬಳಿ ಹೇಳಿದಳು.

‘ಕಿಟಕಿ ಹಂತ್ಯಾಕ ಹೋಗಬ್ಯಾಡ್ರಿ. ಯಾರ್ ಬಾಗಿಲಾ ಬಡದ್ರೂ ಓ ಅನ್ನಬ್ಯಾಡ್ರಿ. ಇವನ್ನ ಒದರಗೊಡಬ್ಯಾಡ. ಒದರಿದ್ರ ಆಯಿ ಬರ್ತಾಳ. ತಿಳೀತಿಲ್ಲೋ ರೇಣವ್ವ?’

ತಿಳಿಯಿತು. ಹೊರಗೆ ಚಿಲಕ ಬಿತ್ತು, ಬೀಗ ಬಿತ್ತು. ಅವ್ವನ ಚಪ್ಪಲಿಯ ಸದ್ದು, ಜೊತೆಗೆ ಬಸಕ್ಕನ ಚಪ್ಪಲಿಯ ಸದ್ದು, ‘ಹುಡುಗರು ಮುಟ್ಟಿದುವಂತೇನ?’ ಎಂದು ಬಸಕ್ಕ ಕೇಳಿದ್ದು, ‘ಮುಟ್ಟ್ಯಾವಂತ’ ಎಂದು ಅವ್ವ ಹೇಳಿದ್ದು. ಬೀಗ ಹಾಕಿದ ಮನೆಯೊಳಗೆ ಜನ ಇರುತ್ತಾರೆಂದು ಯಾರೂ ತಿಳಿಯುವುದಿಲ್ಲ, ಅದೇ ಅವ್ವನ ಧೈರ್ಯ. ನಮ್ಮ ಬಟ್ಟೆಗಳನ್ನೂ ಅವಳು ಹೊರಗಿನ ತಂತಿಗೆ ಹಾಕದೆ ಒಳಗೇ ಒಣಗಿಸುತ್ತಿದ್ದಳು. ಎಲ್ಲವನ್ನೂ ಯೋಚಿಸಿದ್ದಳು ಪುಣ್ಯಾತ್ಗಿತ್ತಿ.

ಸೆಖೆಯ ಬಗ್ಗೆ ಏನು ಹೇಳಲಿ. ಹೊತ್ತು ಏರಿದಂತೆ ಶೀಟು ಕಾದು ಚಟ್ ಚಟ್ ಎನ್ನುತ್ತಿತ್ತು. ಫ್ಯಾನು ಹಾಕುವಂತಿಲ್ಲ, ಸದ್ದಾಗುತ್ತದೆ. ಮಧ್ಯಾಹ್ನ ನೆಲವೊಂದೇ ತಣ್ಣಗೆ. ಇಬ್ಬರೂ ಬರೀ ಚಡ್ಡಿಯಲ್ಲಿ ಬಚ್ಚಲ ಪಕ್ಕದ ನೆಲಕ್ಕೆ ಕೆನ್ನೆಯಿಟ್ಟು ಮಲಗುತ್ತಿದ್ದೆವು. ಶೀಟಿಗೆ ಮೊಳೆ ಹೊಡೆದಲ್ಲಿ ಒಂದು ತೂತಿತ್ತು. ಅದರಿಂದ ಬಿಸಿಲು ಒಂದು ಬೊಟ್ಟಿನಷ್ಟು ಗೋಡೆಯ ಮೇಲೆ ಬಿದ್ದು, ಮೆಲ್ಲಗೆ ಇಳಿದು, ನೆಲ ದಾಟಿ, ಗ್ಯಾಸ್ ಒಲೆಯ ತನಕ ಹೋಗುತ್ತಿತ್ತು. ಒಲೆ ಮುಟ್ಟಿದರೆ ಅವ್ವ ಬರುವ ಹೊತ್ತು ಹತ್ತಿರವಾಯಿತೆಂದು ಲೆಕ್ಕ. ಸಂತ್ಯಾ ಆ ಬಿಸಿಲನ್ನು ಬೇಗ ಬೇಗ ಹೋಗು ಎಂದು ಕೈಯಿಂದ ತಳ್ಳುತ್ತಿದ್ದ. ನಾನೂ ತಳ್ಳಿದ್ದೇನೆ, ಸುಳ್ಳೇಕೆ ಹೇಳಲಿ.

ಜಗಳವಿಲ್ಲದೆ ಮಕ್ಕಳು ಇರಲು ಸಾಧ್ಯವೇ? ಆಡಿದೆವು, ಆದರೆ ಸದ್ದಿಲ್ಲದೆ ಆಡಿದೆವು. ಅವನು ನನ್ನ ಮಣಿ ಸರ ಕಿತ್ತದ್ದಕ್ಕೆ ನಾನು ಅವನ ತೊಡೆ ಜಿಗುಟಿದೆ. ಅವನು ನನ್ನ ಮುಂಗೈಗೆ ಹಲ್ಲು ನೆಟ್ಟ. ನಾನು ಅವನ ಕೂದಲು ಹಿಡಿದೆ. ಇಬ್ಬರ ಕಣ್ಣಿಂದಲೂ ಬಳಬಳ ನೀರು, ಬಾಯಿ ಮಾತ್ರ ಬಿಗಿದ ಗಂಟು. ನಾಲ್ಕು ವರ್ಷದ ಹುಡುಗ ಸದ್ದು ಮಾಡದೆ ಅಳುವುದನ್ನು ಕಲಿತಿದ್ದ. ಯಾರಾದರೂ ನೋಡಿದ್ದರೆ ಅವರಿಗೆ ಅಯ್ಯೋ ಅನ್ನಿಸುತ್ತಿತ್ತು. ನಾನು ಅವನ ಅಕ್ಕ, ನನಗೆ ಅನ್ನಿಸಲಿಲ್ಲ, ಇವನು ಕೊನೆಗೂ ಮಾತು ಕೇಳುತ್ತಿದ್ದಾನೆಂದು ಸಮಾಧಾನವಾಯಿತು. ಇವತ್ತಿಗೂ ನನಗೆ ನಿಜವಾದ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ‘ನೀನು ಕಿರುಚಾಡು ಮಹರಾಯ್ತಿ, ಹಿಂಗೆ ಸುಮ್ಮನಿರಬೇಡ’ ಎಂದು ನನ್ನ ಗಂಡ ಕೈಮುಗಿಯುತ್ತಾರೆ. ರಣಚಂಡಿಯಾಗುವುದು ಆ ಚಿಲಕದ ವಿಷಯಕ್ಕೆ ಮಾತ್ರ.

ಕಿಟಕಿಯ ಹತ್ತಿರ ಹೋಗಬೇಡಿ ಎಂದಿದ್ದಳಲ್ಲ ಅವ್ವ, ಮೊದಲ ವಾರ ಕಳೆಯುವ ಮುಂಚೆಯೇ ಹೋದೆವು. ಹೋಗದೆ ಇರಲು ಆಗುತ್ತಿರಲಿಲ್ಲ. ಮರದ ಕದ ಮುಚ್ಚಿರುತ್ತಿತ್ತು, ಬುಡದಲ್ಲಿ ಒಂದು ಬಿರುಕು. ಅದರಿಂದ ಕಾಣುತ್ತಿದ್ದದ್ದು ಹೊಂಗೆ ಮರದ ಬೊಡ್ಡೆಯ ಒಂದು ತುಂಡು ಮಾತ್ರ. ಆದರೆ ಗಾಳಿ ಬರುತ್ತಿತ್ತು, ಅದರ ಜೊತೆ ಪುಟ್ಟತಾಯಮ್ಮಜ್ಜಿಯ ದನಿಯೂ ಬರುತ್ತಿತ್ತು. ಆ ಮರದ ನೆರಳಲ್ಲಿ ಅವಳು ಹಸು ಗೌರಿಯನ್ನೂ ಅದರ ಕರುವನ್ನೂ ಕಟ್ಟುತ್ತಿದ್ದದ್ದು ನಮಗೆ ಮೊದಲಿಂದ ಗೊತ್ತು. ಅಂಗನವಾಡಿಯಿಂದ ಬಂದು ಸಂತ್ಯಾ ದಿನಾ ಅದರ ಕೊರಳ ಗಂಗೆದೊಗಲು ಸವರುತ್ತಿದ್ದ. ಈಗ ಅಜ್ಜಿ ಮಧ್ಯಾಹ್ನವೆಲ್ಲ ಅಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಗೌರಿಯ ಜೊತೆ ಮಾತಾಡುತ್ತಿದ್ದಳು, ಅದೂ ಊರಿಗೆಲ್ಲ ಕೇಳುವ ಹಾಗೆ.

‘ಏನೇ ಗೌರಿ, ನೀರ್ ಕುಡುದ್ಯಾ? ಏನ್ ಬಿಸ್ಲಪ್ಪ ಇದು! ಸುಮ್ಕೆ ಬಿದ್ಕಬ್ಯಾಡ, ಎದ್ದು ಒಂದು ಲೋಟ ಕುಡಿ.’

ಸಂತ್ಯಾ ಎದ್ದು ಹೋಗಿ ಕೊಡದಿಂದ ಒಂದು ಲೋಟ ನೀರು ಕುಡಿದು ಬಂದ. ನನಗೆ ನಗು ಬಂತು, ಹಸು ಎಲ್ಲಿ ಲೋಟದಲ್ಲಿ ಕುಡಿಯುತ್ತದೆ ಎಂದು. ಮುದುಕಿಗೆ ಅರಳುಮರಳು ಎಂದುಕೊಂಡೆ. ಆದರೆ ದಿನ ಕಳೆದಂತೆ ಆ ದನಿಗೆ ಕಾಯತೊಡಗಿದೆ. ‘ಗೌರಿ, ಒತ್ತು ನೆತ್ತಿಗೆ ಬಂತು, ಉಂಡ್ಕೊ ಓಗು’ ಎಂದರೆ ನಾವು ಡಬ್ಬಿ ಬಿಚ್ಚುತ್ತಿದ್ದೆವು. ಅವಳು ಗೌರಿಗೆ ಊರ ಸುದ್ದಿಯೆಲ್ಲ ಹೇಳುತ್ತಿದ್ದಳು: ಯಾರ ಮನೆಯ ಕೋಳಿಯನ್ನು ನಾಯಿ ಹಿಡಿಯಿತು, ಟ್ಯಾಂಕರ್‌ನವನ ಜೊತೆ ಯಾರು ಜಗಳವಾಡಿದರು, ಬೆಳಿಗ್ಗೆ ಸೊಸೆ ಮುದ್ದೆಯನ್ನು ಹೇಗೆ ಗಂಟು ಗಂಟು ಮಾಡಿಟ್ಟಳು. ಹಿಂದೆಲ್ಲೋ ಗುದ್ದಲಿಯ ಸದ್ದು ಬರುತ್ತಿತ್ತು. ‘ನನ್ ಮಗ ಇನ್ನೂ ಎಲ್ಡು ರೂಮ್ ಎತ್ತಿಸ್ತಾನಂತೆ ಕಣೆ, ಇರೋವು ಸಾಲ್ವಂತೆ’ ಎಂದು ಅದನ್ನೂ ಗೌರಿಗೇ ಹೇಳಿದಳು. ಒಂದು ದಿನ ನಮ್ಮ ಶೀಟಿನ ಮೇಲೆ ಸರಸರ ಸದ್ದಾಗಿ ನಾವಿಬ್ಬರೂ ಹೆದರಿ ಮೂಲೆ ಸೇರಿದೆವು. ‘ಗರಿ ಅಲ್ಲೇ ಆಕ್ಲಾ, ಒಣಗ್ಲಿ, ಒಲೆಗಾಯ್ತದೆ’ ಎಂದು ಅಜ್ಜಿ ಮಗನಿಗೆ ಕೂಗಿ ಹೇಳಿದಳು. ತೆಂಗಿನ ಗರಿ ಬಿದ್ದ ಮೇಲೆ ಶೀಟಿನ ಕಾವು ಒಂದಿಷ್ಟು ಕಡಿಮೆಯಾಯಿತು. ಮೊಳೆಯ ತೂತು ಮಾತ್ರ ಮುಚ್ಚಿಹೋಗಿ ನಮ್ಮ ಗಡಿಯಾರ ಕೆಟ್ಟಿತು. ಭಾನುವಾರ ಅವ್ವ ಮನೆಯಲ್ಲಿರುವಾಗ ಅಜ್ಜಿ ಅತ್ತ ಸುಳಿಯುತ್ತಿರಲಿಲ್ಲ. ಕಿಟಕಿಗೆ ಕಿವಿಯಿಟ್ಟದ್ದು ಗೊತ್ತಾದರೆ ಬೆನ್ನು ಮುರಿಯುತ್ತಾಳೆಂದು ನಾವೂ ಅವ್ವನ ಮುಂದೆ ಈ ವಿಷಯ ಎತ್ತಲಿಲ್ಲ.

ಸತ್ಯ ಹೇಳಬೇಕೆಂದರೆ ನನಗೆ ಆ ಹಸುವಿನ ಮೇಲೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ನೆರಳಿದೆ, ಗಾಳಿಯಿದೆ, ಬೇಕಾದಾಗ ಅಂಬಾ ಎನ್ನಬಹುದು, ಕೂತು ಮಾತಾಡಿಸಲು ಒಬ್ಬ ಅಜ್ಜಿ ಬೇರೆ. ಅದನ್ನು ಕಟ್ಟಿದ್ದ ಹಗ್ಗವಾದರೂ ನಾಲ್ಕು ಮಾರು ಇತ್ತು. ನನಗೆ ಮುಂದಿನ ಬಾಗಿಲಿಂದ ಹಿಂದಿನ ಕಿಟಕಿ ಮುಟ್ಟಲು ಅಷ್ಟೂ ಬೇಕಾಗಿರಲಿಲ್ಲ.

ಮೇ ತಿಂಗಳ ಮೊದಲಲ್ಲಿ ಸಂತ್ಯಾನಿಗೆ ಹುಷಾರು ತಪ್ಪಿತು. ಬೆಳಿಗ್ಗೆ ಚೆನ್ನಾಗಿಯೇ ಇದ್ದವನು ರೊಟ್ಟಿ ಬೇಡವೆಂದ, ಆಮೇಲೆ ಕುಡಿದ ಮಜ್ಜಿಗೆಯನ್ನೆಲ್ಲ ವಾಂತಿ ಮಾಡಿಕೊಂಡ. ಮೈ ಕಾದ ಶೀಟಿನಷ್ಟೇ ಬಿಸಿ. ಕಣ್ಣು ಅರ್ಧ ತೆರೆದಿತ್ತು, ಕರೆದರೆ ತಿರುಗಲಿಲ್ಲ. ನಾನು ಬಾಗಿಲ ಬಳಿ ಓಡಿದೆ, ಅಲ್ಲಿಂದ ಕಿಟಕಿಯ ಬಳಿ ಓಡಿದೆ, ಮತ್ತೆ ಬಾಗಿಲು. ಒಂದು ಸಲ ಕೂಗಿದರೆ ಸಾಕು, ಹತ್ತು ಜನ ಬರುತ್ತಾರೆ. ಬಂದರೆ ಬಸಕ್ಕನಿಗೆ ಗೊತ್ತಾಗುತ್ತದೆ, ಆಯಿ ಬರುತ್ತಾಳೆ, ಅಪ್ಪ ‘ಆತು ಬಿಡು’ ಅನ್ನುತ್ತಾನೆ, ಅವ್ವ ಇಲ್ಲಿ, ನಾವು ಅಲ್ಲಿ. ಕೂಗದಿದ್ದರೆ ಇವನು ಸತ್ತುಹೋಗುತ್ತಾನೆ. ನಾನು ಬಾಯಿ ತೆರೆದೆ. ದನಿಯೇ ಬರಲಿಲ್ಲ. ಇಷ್ಟು ದಿನ ಹಿಡಿದು ಹಿಡಿದು ಅದು ಎಲ್ಲೋ ಅಂಟಿಕೊಂಡುಬಿಟ್ಟಿತ್ತು. ಕೊನೆಗೆ ಕಿಟಕಿಯ ಬಿರುಕಿಗೆ ತುಟಿಯಿಟ್ಟು ಪಿಸುಗುಟ್ಟಿದೆ.

‘ಅಜ್ಜೀ, ಬಾಗಿಲಾ ತಗೀರಿ. ಅಜ್ಜೀ.’

ಹುಣಸೆಹಣ್ಣು ಕುಟ್ಟುವ ಸದ್ದು ನಿಂತಿತು. ಆಮೇಲೆ ಅಜ್ಜಿಯ ದನಿ ಬಂತು, ಎಂದಿನಂತೆ ಜೋರಾಗಿ ಅಲ್ಲ, ತೀರ ಗೋಡೆಯ ಹತ್ತಿರದಿಂದ.

‘ಗೌರೀ, ಕರೂಗೆ ಮೈ ಬಿಸಿಯೇನೆ? ಎದ್ರುಕಬ್ಯಾಡ. ಬಟ್ಟೆ ನೆನ್ಸಿ ಮೈಯೆಲ್ಲ ಒರ್ಸು. ನೀರ್ಗೆ ಬೆಲ್ಲ ಒಸಿ ಉಪ್ಪಾಕಿ ಗುಟುಕು ಗುಟುಕಾಗಿ ಕುಡ್ಸು. ನಿಮ್ಮವ್ವ ಬತ್ತಾಳೆ ಕಣೆ, ಇನ್ನೇನ್ ಬಂದ್ಬುಟ್ಲು. ಅಳ್ಬ್ಯಾಡ ನನ್ ಕಂದ.’

ಆಗಲೂ ನನಗೆ ಅರ್ಥವಾಗಲಿಲ್ಲ ಎಂದರೆ ನೀವು ನಗುತ್ತೀರಿ. ನನ್ನ ತಲೆಯಲ್ಲಿ ಇದ್ದದ್ದು ಬರೀ ಕೋಪ: ಇಲ್ಲಿ ನನ್ನ ತಮ್ಮ ಸಾಯುತ್ತಿದ್ದಾನೆ, ಈ ಕಿವುಡಿ ಮುದುಕಿಗೆ ತನ್ನ ಕರುವಿನದೇ ಧ್ಯಾನ. ಆದರೂ ಬೇರೆ ಏನೂ ತೋಚದೆ ಅವಳು ಹಸುವಿಗೆ ಹೇಳಿದ್ದನ್ನೇ ಮಾಡಿದೆ. ಅವ್ವನ ಹಳೇ ಸೀರೆ ನೆನೆಸಿ ಒರೆಸಿದೆ, ಬೆಲ್ಲ ಉಪ್ಪಿನ ನೀರನ್ನು ಚಮಚದಲ್ಲಿ ಕುಡಿಸಿದೆ. ಶೀಟಿನ ಮೇಲೆ ಯಾರೋ ಬಕೆಟ್ಟಿನಿಂದ ನೀರು ಸುರಿದರು, ಮತ್ತೆ ಸುರಿದರು. ಅಜ್ಜಿ ಅವತ್ತು ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ, ಒಂದೇ ಸಮನೆ ಗೌರಿ ಗೌರಿ ಎನ್ನುತ್ತಲೇ ಇದ್ದಳು. ಸಂತ್ಯಾ ಕಣ್ಣು ಬಿಟ್ಟು ‘ಅಕ್ಕಾ’ ಎಂದಾಗ ನಾನು ಅವನ ಪಕ್ಕ ಮಲಗಿ ಅತ್ತೆ. ಸದ್ದಿಲ್ಲದೆಯೇ.

ಬೀಗ ತೆಗೆದು ಒಳಗೆ ಬಂದ ಅವ್ವ ನೆಲದ ಮೇಲಿನ ವಾಂತಿ ನೋಡಿದಳು, ಒದ್ದೆ ಸೀರೆ ನೋಡಿದಳು, ಅವನನ್ನು ನೋಡಿದಳು.

‘ಯಾರಿಗರ ಕೇಳಸ್ತೇನು?’

ಅವನ ಹಣೆ ಮುಟ್ಟುವ ಮೊದಲು ಅವಳು ಕೇಳಿದ್ದು ಇದು. ನಾನು ಇಲ್ಲ ಎಂದು ತಲೆಯಾಡಿಸಿದೆ. ಕೇಳಿಬಿಟ್ಟ ಮೇಲೆ ಅವಳಿಗೇ ತನ್ನ ಬಾಯಿಂದ ಎಂಥ ಮಾತು ಬಂತೆಂದು ಹೊಳೆಯಿತೋ ಏನೋ, ಕೈಯಲ್ಲಿದ್ದ ಬುತ್ತಿ ಚೀಲ ಹಾಗೇ ಬಿಟ್ಟು ಅವನನ್ನು ಎತ್ತಿ ಎದೆಗೆ ಅವುಚಿಕೊಂಡು ಗೋಡೆಗೆ ಹಣೆ ಚಚ್ಚಿಕೊಂಡಳು. ಕತ್ತಲಾದ ಮೇಲೆ ಶಾಲು ಹೊದಿಸಿ ಅವನನ್ನು ಡಾಕ್ಟರ ಹತ್ತಿರ ಒಯ್ದಳು. ವಾಪಸು ಬಂದವಳು ಅಪ್ಪನಿಗೆ ಒಂದೇ ಮಾತು ಹೇಳಿದಳು: ‘ಐತವಾರ ಹುಡುಗರು ಊರಿಂದ ಬರ್ತಾವ.’ ಬಂದ ಮೇಲೆ ನಮ್ಮನ್ನು ಎಲ್ಲಿ ಇಡಬೇಕೆಂಬುದು ಅವಳಿಗೂ ಗೊತ್ತಿರಲಿಲ್ಲ. ಅಪ್ಪ ‘ಆತು ಬಿಡು’ ಎಂದ.

ಭಾನುವಾರ ನಸುಕಿನಲ್ಲಿ ಮತ್ತೆ ಹೊಸ ಬಟ್ಟೆ, ಮತ್ತೆ ಅವೇ ಚೀಲ. ತುಮಕೂರು ರಸ್ತೆಯ ಬಸ್ ನಿಲ್ದಾಣದಲ್ಲಿ ಬಿಸಿಲು ಬರುವ ತನಕ ಕೂತೆವು. ಅಲ್ಲೇ ಗಾಡಿಯವನ ಬಳಿ ಅವ್ವ ಮಾವಿನಹಣ್ಣು ಕೊಂಡು, ಊರಿಂದ ತಂದದ್ದು ಎನ್ನಲು ಚೀಲಕ್ಕೆ ಹಾಕಿದಳು. ಬಯಲಿಗೆ ಬಂದ ಕಣ್ಣುಗಳಿಗೆ ಬೆಳಕು ಚುಚ್ಚುತ್ತಿತ್ತು. ಸಂತ್ಯಾ ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದ. ನಾವು ಸಾಲಿನ ಮುಂದೆ ಬಂದಾಗ ಎಲ್ಲರೂ ಹೊರಗೇ ಇದ್ದರು, ನಲ್ಲಿಯ ಮುಂದೆ ಕೊಡಗಳು ಸಾಲಾಗಿದ್ದವು. ನಾನು ಮೊದಲು ನೋಡಿದ್ದು ಸೂರು. ಅಷ್ಟೂ ಮನೆಗಳಲ್ಲಿ ತೆಂಗಿನ ಗರಿ ಹಾಸಿದ್ದು ನಮ್ಮ ಶೀಟಿನ ಮೇಲೆ ಮಾತ್ರ.

‘ಬಂದ್ರೇನ? ಆಯಿ ಚಲೋ ಅದಾಳ? ಭಾಳ ಬಿಸಲೇನ ಊರಾಗ?’ ಎಂದಳು ಬಸಕ್ಕ. ಮಾವಿನಹಣ್ಣು ಒಂದನ್ನು ಮೂಸಿ ನೋಡಿ ‘ಊರ ಹಣ್ಣಿನ ವಾಸನಿನ ಬ್ಯಾರೆ’ ಎಂದಳು. ಯಾರೋ ನನ್ನ ಗಲ್ಲ ಹಿಂಡಿ ಮೈ ತುಂಬಿಕೊಂಡಿದ್ದಾಳೆ ಎಂದರು. ‘ಊರ್ಗೋಗಿ ಬಣ್ಣ ಬಂದವ್ರೆ’ ಎಂದಳು ಪುಟ್ಟತಾಯಮ್ಮಜ್ಜಿ. ಕೊಪ್ಪಳದ ಬಿಸಿಲಲ್ಲಿ ತಿಂಗಳು ಕುಣಿದು ಬಂದ ಮಕ್ಕಳಿಗೆ ಬಣ್ಣ ಬರುತ್ತದೆಯೇ! ನಾವು ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿದ್ದೆವು. ಅವ್ವ ಎಲ್ಲದಕ್ಕೂ ಹೂಂ ಹೂಂ ಎನ್ನುತ್ತಿದ್ದಳು. ಅಷ್ಟರಲ್ಲಿ ಸಂತ್ಯಾ ಹಿತ್ತಿಲ ಕಡೆ ಹೋಗಿ ಬಂದ.

‘ಅಜ್ಜೀ, ಗೌರಿ ಎಲ್ಲೈತಿ?’

ನಾನೂ ಆಗಲೇ ನೋಡಿದ್ದು. ಹೊಂಗೆ ಮರದ ಕೆಳಗೆ ಗೂಟವಿಲ್ಲ. ಕೊಟ್ಟಿಗೆಯೇ ಇಲ್ಲ, ಅಲ್ಲಿ ಪಾಯ ತೋಡಿ ಕಲ್ಲು ಕೂರಿಸಿದ್ದರು.

‘ಆಕಳಾ? ನೀವು ಊರಿಗೆ ಹೋದ ಮರುದಿನಾನ ಕರಾ ಕೂಡ ಮಾರಿ ಬಿಟ್ಟಾರಲ್ಲೋ’ ಎಂದ ಬಸಕ್ಕ ಆಮೇಲೆ ನಾಲಿಗೆ ಕಚ್ಚಿಕೊಂಡಳು.

‘ಸುಳ್ಳು!’ ಎಂದ ಸಂತ್ಯಾ. ‘ಅಜ್ಜಿ ದಿನಾ ಗೌರಿ ಕೂಡ ಮಾತಾಡ್ತಿತ್ತು. ನಿನ್ನೀನೂ ಮಾತಾಡ್ತು.’

ನಲ್ಲಿಯ ನೀರು ಕೊಡ ತುಂಬಿ ಹೊರಗೆ ಹರಿಯುತ್ತಿತ್ತು, ಯಾರೂ ಅದನ್ನು ನಿಲ್ಲಿಸಲಿಲ್ಲ. ಅವ್ವ ಅಜ್ಜಿಯ ಮುಖವನ್ನೇ ನೋಡುತ್ತ ನಿಂತಳು. ಅಜ್ಜಿಯೇ ಮೊದಲು ಸುಧಾರಿಸಿಕೊಂಡಳು.

‘ಕನ್ಸು ಕಂಡಿರ್ತಾನೆ ಬುಡವ್ವ. ಊರಲ್ಲಿದ್ದೋನ್ಗೆ ನನ್ ಮಾತು ಎಂಗೆ ಕೇಳುಸ್ತದೆ?’

‘ಹೌದ್ ಹೌದು, ಕನಸು’ ಎಂದು ಎಲ್ಲರೂ ಒಟ್ಟಿಗೆ ನಕ್ಕರು. ಆ ನಗು ಕೇಳಿ ನನಗೆ ಒಂದೇ ಗಳಿಗೆಯಲ್ಲಿ ಎಲ್ಲ ತಿಳಿಯಿತು. ಲೋಟದಲ್ಲಿ ನೀರು ಕುಡಿಯುವ ಹಸು, ಶೀಟಿನ ಮೇಲಿನ ಗರಿ, ಬಕೆಟ್ಟಿನ ನೀರು. ಎಲ್ಲರಿಗೂ ಗೊತ್ತಿತ್ತು. ಅವ್ವನ ಮಾನ ಕಾಯಲು ಸಾಲಿಗೆ ಸಾಲೇ ಬಾಯಿ ಮುಚ್ಚಿಕೊಂಡಿತ್ತು. ಎಂಥಾ ಒಳ್ಳೆಯ ಜನ! ಒಬ್ಬರೂ ಬಾಗಿಲು ತೆಗೆಯಲಿಲ್ಲ. ನನ್ನ ಗಂಟಲಲ್ಲಿ ತಿಂಗಳಿಂದ ಅಂಟಿಕೊಂಡಿದ್ದದ್ದು ಆಗ ಕಿತ್ತುಬಂತು.

‘ನಾ ಊರಿಗೆ ಹೋಗಿರ್ಲಿಲ್ಲ!’

ಅಷ್ಟು ಜೋರಾಗಿ ನಾನು ಅದಕ್ಕೆ ಮೊದಲು ಕೂಗಿರಲಿಲ್ಲ, ಆಮೇಲೂ ಕೂಗಿಲ್ಲ. ಬಸಕ್ಕ ಓಡಿಬಂದು ನನ್ನ ತಲೆ ಸವರಿದಳು. ‘ಬಸ್ಸಿನ ಪ್ರಯಾಣಕ್ಕ ತಲಿ ತಿರಗೇತಿ ಹುಡುಗಿಗೆ, ಒಳಗ ಕರಕೊಂಡು ಹೋಗ್ ನೀಲಾ, ಮಲಗಸು’ ಎಂದಳು ಅವ್ವನಿಗೆ. ಒಳಗೆ! ಮತ್ತೆ ಒಳಗೆ. ಅವರೆಲ್ಲ ಸೇರಿ, ಅಷ್ಟು ಪ್ರೀತಿಯಿಂದ, ನನ್ನನ್ನು ಮತ್ತೆ ಆ ಕೋಣೆಗೆ ತಳ್ಳುತ್ತಿದ್ದರು. ನಾನು ಹೊಸ್ತಿಲ ಹೊರಗೆ ನೆಲಕ್ಕೆ ಕೂತುಬಿಟ್ಟೆ. ಅವ್ವ ನನ್ನ ರಟ್ಟೆ ಹಿಡಿದಳು. ಎಳೆಯುತ್ತಾಳೆ ಎಂದುಕೊಂಡೆ. ಎಳೆಯಲಿಲ್ಲ. ಚೀಲ ಕೆಳಗಿಟ್ಟಳು.

‘ಹೋಗಿರ್ಲಿಲ್ಲ’ ಎಂದಳು. ‘ಎಲ್ಲೂ ಹೋಗಿರ್ಲಿಲ್ಲ ನನ್ನ ಮಕ್ಕಳು. ಒಳಗ ಇದ್ದವು. ಕೀಲಿ ಹಾಕಿ ಹೋಗ್ತಿದ್ದೆ ನಾನು. ಬಸಕ್ಕಾ, ಫೋನ್ ಮಾಡಿ ಹೇಳು ಊರಿಗೆ. ಹೇಳಿಬಿಡು, ಬಂದು ಒಯ್ಯಲಿ.’

‘ಹೇಳಾಕಿ ಆಗಿದ್ರ ಅವತ್ತ ಹೇಳ್ತಿರ್ಲಿಲ್ಲೇನ?’ ಎಂದಳು ಬಸಕ್ಕ. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ಬೈಯುತ್ತಿತ್ತು. ‘ದಿನಾ ನಸಿಕಿನ್ಯಾಗ ಇಬ್ಬರಿಗೆ ಅಷ್ಟು ರೊಟ್ಟಿ ಯಾರ್ ಬಡೀತಾರ ಹುಚ್ಚಿ? ಗ್ವಾಡಿ ಮ್ಯಾಲಿಂದ ಎಲ್ಲಾ ಕೇಳ್ತದ. ನಿಮ್ಮತ್ತಿ ಎರಡ್ ಸಲ ಫೋನ್ ಮಾಡಿ ಕೇಳಿದ್ಲು. ತವರಿಗೆ ಹೋಗ್ಯಾವ, ಬಸ್ಸಿಗೆ ನಾನ ಹತ್ತಿಸೀನಿ ಅಂದೆ.’

ಬಟ್ಟೆ, ಚೀಲ, ಬೀಗ, ಎಲ್ಲವನ್ನೂ ಯೋಚಿಸಿದ್ದ ಅವ್ವ ರೊಟ್ಟಿಯ ಸದ್ದನ್ನು ಮರೆತಿದ್ದಳು. ಜೋಳದ ರೊಟ್ಟಿಯನ್ನು ಬಡಿಯದೆ ಮಾಡಲು ಬರುವುದಿಲ್ಲ, ಬಡಿದರೆ ನಮ್ಮ ಕಡೆಯ ಹೆಂಗಸಿಗೆ ಎಷ್ಟು ಬಾಯಿಗೆ ಎಂದು ತಿಳಿಯದೆ ಇರುವುದಿಲ್ಲ. ಅವ್ವ ನನ್ನ ಪಕ್ಕ ಮಣ್ಣಿನಲ್ಲೇ ಕೂತಳು. ತಾಳಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡಿದ್ದ ಕೀಲಿಕೈ ಬಿಚ್ಚಿ ಅಜ್ಜಿಯ ಮುಂದೆ ಹಿಡಿದಳು.

‘ನೀವು ಇಟ್ಕೋರಿ ಅಮ್ಮಾರ. ಸಾಲಿ ತೆರೆಯೂತನ ನೀವು ನೋಡ್ಕೋರಿ.’

‘ಇದ್ನ ಯಾವತ್ತು ಕೊಡ್ತೀಯಾ ಅಂತ್ಲೇ ಕಾಯ್ತಿದ್ದೆ ಕಣವ್ವ’ ಎಂದಳು ಅಜ್ಜಿ, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ. ಎಲ್ಲರೂ ಮೂಗು ಸೀಟಿಕೊಂಡರು, ಯಾರೋ ನಲ್ಲಿ ನಿಲ್ಲಿಸಿದರು. ಎಲ್ಲ ಮುಗಿಯಿತು ಎನ್ನುವ ಹಾಗೆ. ನನಗೆ ಮುಗಿದಿರಲಿಲ್ಲ.

‘ನಾ ಕರೆದಿದ್ದೆ ಅಜ್ಜೀ’ ಎಂದೆ. ‘ಸಂತ್ಯಾಗ ಜ್ವರ ಬಂದಾಗ. ಬಾಗಿಲಾ ತಗೀರಿ ಅಂದಿದ್ದೆ.’

ಅವ್ವ ಗಕ್ಕನೆ ನನ್ನತ್ತ ತಿರುಗಿದಳು. ಅಜ್ಜಿಯ ಕೈ ಸೆರಗಿನ ಗಂಟಿನ ಮೇಲೆ ನಿಂತಿತು. ನನ್ನನ್ನು ನೋಡಲಿಲ್ಲ ಅವಳು.

‘ಕೇಳಿಸ್ತು ಮಗಾ’ ಎಂದಳು. ‘ಕೇಳಿಸ್ತು.’

ಅವತ್ತಿನಿಂದ ನಮ್ಮ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಅಜ್ಜಿ ಮಧ್ಯಾಹ್ನ ನಮಗೆ ಮುದ್ದೆ ನುಂಗುವುದನ್ನು ಕಲಿಸಿದಳು, ಹುಣಸೆಬೀಜ ಹುರಿದು ಕೊಟ್ಟಳು. ಆಯಿ ಬರಲಿಲ್ಲ, ನಾವು ಅವ್ವನ ಜೊತೆಯೇ ಬೆಳೆದೆವು. ಆ ಅಜ್ಜಿ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಎಂದು ನನಗೆ ಗೊತ್ತು. ಅವಳ ಮೇಲೆ ನನಗಿದ್ದ ಪ್ರೀತಿ ನನ್ನ ಸ್ವಂತ ಆಯಿಯ ಮೇಲೆ ಯಾವತ್ತೂ ಬರಲಿಲ್ಲ. ಕರೆದರೂ ಬಾಗಿಲು ತೆಗೆಯಲಿಲ್ಲವೆಂಬ ಸಿಟ್ಟೂ ಹಾಗೇ ಇದೆ, ಇವತ್ತಿಗೂ ಇಳಿದಿಲ್ಲ. ಅವಳು ಬದುಕಿರುವ ತನಕ, ನಾನು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೂ, ತಮಾಷೆಗೆ ನನ್ನನ್ನು ‘ಏ ಗೌರಿ’ ಎಂದು ಕರೆಯುತ್ತಿದ್ದಳು. ನಾನು ಕೇಳಿಸದವಳ ಹಾಗೆ ನಿಲ್ಲುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಕಾದು, ದನಿ ತಗ್ಗಿಸಿ, ‘ರೇಣುಕಾ’ ಎನ್ನುತ್ತಿದ್ದಳು. ಆಗ ತಿರುಗುತ್ತಿದ್ದೆ.